ಕಡೆಯ ಪಂಕ್ತಿ

ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಹೇಗೆ ನಡೆಯುತ್ತಿತ್ತು ಎಂದು ಈಗಿನವರು ನನ್ನನ್ನು ಕೇಳುತ್ತಾರೆ. ನಾನು ಆ ಸಭೆಯನ್ನು ಕಣ್ಣಾರೆ ಕಂಡವಳಲ್ಲ. ನಮ್ಮ ಯಜಮಾನರು ಮಧುಗಿರಿ ತಾಲ್ಲೂಕಿನ ಮೆಂಬರಾಗಿದ್ದರು. ದಸರೆಗೆ ಅವರು ಮೈಸೂರಿಗೆ ಹೊರಟಾಗ ಕರಿ ಕೋಟಿಗೆ ಇಸ್ತ್ರಿ ಹಾಕಿ, ಜರಿ ಪೇಟವನ್ನು ಪೆಟ್ಟಿಗೆಯಲ್ಲಿಟ್ಟು ಕೊಟ್ಟವಳು ನಾನು. ಆದರೆ ಯಾವ ಊರಿಗೆ ಏನು ಸಿಗಬೇಕು ಎಂಬುದು ಮೈಸೂರಿಗೆ ಹೋಗುವ ಮೊದಲೇ ಅರ್ಧ ತೀರ್ಮಾನವಾಗಿರುತ್ತಿತ್ತು. ನಮ್ಮ ಪಡಸಾಲೆಯಲ್ಲಿ, ನಾನು ಮಾಡಿದ ಅಡುಗೆ ಉಂಡು, ಎಲೆಅಡಿಕೆ ಜಗಿಯುತ್ತ ತೀರ್ಮಾನವಾಗುತ್ತಿತ್ತು. ಅಡುಗೆಮನೆ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ.

ಚುನಾವಣೆಗೆ ನಿಂತಾಗ ಅವರು ನನಗೊಂದು ಮಾತು ಕೊಟ್ಟಿದ್ದರು. ನನ್ನ ಎರಡು ಕೂಸುಗಳು ಹೆರಿಗೆಯಲ್ಲೇ ಹೋಗಿದ್ದವು. ಉಳಿದವಳು ಒಬ್ಬಳೇ ಮಗಳು. ನಮ್ಮೂರಿನ ಆಸ್ಪತ್ರೆಯಲ್ಲಿದ್ದದ್ದು ಗಂಡಸು ಡಾಕ್ಟರು; ಹೆರಿಗೆಗೆಂದು ಯಾವ ಹೆಂಗಸೂ ಅವನ ಹತ್ತಿರ ಹೋಗುತ್ತಿರಲಿಲ್ಲ, ಅವನೂ ಬನ್ನಿ ಅನ್ನುತ್ತಿರಲಿಲ್ಲ.

"ಗೆದ್ರೆ ನಾನು ಎತ್ತೋ ಮೊದಲನೇ ಮಾತೇ ಹೆರಿಗೆ ನರ್ಸಿಂದು ಕಣೇ. ನಮ್ಮ ಮಗಳು ನಿನ್ನಂಗೆ ಒದ್ದಾಡೋದು ಬ್ಯಾಡ" ಅಂದಿದ್ದರು. ಗೆದ್ದರು. ನನಗಂತೂ ವೋಟಿರಲಿಲ್ಲ, ಇದ್ದಿದ್ದರೆ ಆ ಒಂದು ಮಾತಿಗೇ ಹಾಕುತ್ತಿದ್ದೆ.

ಸಭೆಯ ಪದ್ಧತಿ ಹೀಗಿತ್ತು. ಮೆಂಬರು ಎದ್ದು ತನ್ನ ತಾಲ್ಲೂಕಿನ ಅಹವಾಲು ಓದಬೇಕು, ದಿವಾನರು ಉತ್ತರ ಹೇಳಬೇಕು. ಜಿಲ್ಲೆಗೆ ಇಷ್ಟು ಹೊತ್ತು ಎಂದು ಗೊತ್ತು ಮಾಡಿರುತ್ತಿದ್ದರು. ಹೊತ್ತು ಮುಗಿದರೆ ಉಳಿದವನ್ನು ಓದಿದಂತೆಯೇ ಲೆಕ್ಕ ಹಿಡಿದು, ಆಮೇಲೆ ಅಚ್ಚು ಹಾಕಿದ ಉತ್ತರ ಕಳಿಸುತ್ತಿದ್ದರು. ಸಭೆಯಲ್ಲಿ ಓದಿ, ನಾಲ್ಕು ಜನ ಹೌದೆಂದ ವಿಷಯ ಸಮಿತಿಗೆ ಹೋಗುತ್ತಿತ್ತು. ಸಮಿತಿ ಒಪ್ಪಿದರೆ ಮುಂದಿನ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು. ನ್ಯಾಯವಿಧಾಯಕ ಸಭೆ ಎಂಬ ಇನ್ನೊಂದು ಸಭೆಯವರು ಆ ಸಾಲಿಗೆ ಒಪ್ಪಿಗೆ ಕೊಟ್ಟರೆ ಹಣ. ಓದದೆ ಉಳಿದದ್ದು ಬರೀ ಕಾಗದ. ಅದಕ್ಕೇ ಸಿರಾ, ಕೊರಟಗೆರೆ, ಪಾವಗಡದ ಮೆಂಬರುಗಳು ದಸರೆಗೆ ಮುಂಚೆ ನಮ್ಮಲ್ಲಿ ಸೇರಿ, ಯಾರದು ಮೊದಲು ಯಾರದು ಆಮೇಲೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಮೊದಲ ವರ್ಷ ಹೋಳಿಗೆ ಮಾಡಿದ್ದೆ. ಪಾವಗಡದ ಮೆಂಬರು, "ನಮ್ಮೂರಿಂದ ಇಲ್ಲಿಗೆ ಬರ್ಬೇಕಂದ್ರೆ ಬ್ರಿಟಿಷರ ಸೀಮೆ ದಾಟಿ ಬರ್ಬೇಕು ಸ್ವಾಮಿ, ಈ ಹೋಳಿಗೆಗೋಸ್ಕರ ದಾಟ್ತೀನಿ" ಎಂದು ಹೊಗಳಿದರು. ಕೊರಟಗೆರೆಯ ಮೆಂಬರು ಎರಡು ಸಲ ತುಪ್ಪ ಹಾಕಿಸಿಕೊಂಡು ಮಾತಿಗೆ ಬಂದರು. "ನಮ್ಮೂರ ಮುಂದಲ ಹಳ್ಳಕ್ಕೊಂದು ಸೇತುವೆ ಆಗ್ಬೇಕು. ಮಳೆ ಬಂದ್ರೆ ತುಮಕೂರಿನ ದಾರೀನೇ ಕಟ್ಟೋಯ್ತದೆ."

"ಆಗ್ಲಿ ಬುಡಿ, ನಿಮ್ದೇ ಮೊದ್ಲು" ಅಂದರು ನಮ್ಮ ಯಜಮಾನರು. ಆಮೇಲೆ ಸಿರಾದ ಕೆರೆ, ಪಾವಗಡದ ಕುಡಿಯುವ ನೀರಿನ ಬಾವಿ. ನರ್ಸಿನ ಮಾತು ಕಡೆಗೆ ಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬಂದವರು ಗಾಡಿ ಹತ್ತುವುದನ್ನೇ ಕಾದು, ಯಜಮಾನರನ್ನು "ಅದೇನ್ರೀ ಹಂಗ್ ಮಾಡುದ್ರಿ?" ಎಂದು ಕೇಳಿದೆ.

"ಮನೇಗೆ ಕರ್ದು ಊಟಕ್ಕಿಕ್ಕಿ ನಂದೇ ಮೊದ್ಲು ಅನ್ನಕ್ಕಾಯ್ತದೇನೇ? ಮನೆಯೋರು ಕೂರೋದು ಕಡೇ ಪಂಕ್ತೀಲಿ ಅಲ್ವಾ?"

"ಕಡೇ ಪಂಕ್ತಿಗೆ ಅನ್ನ ಉಳ್ದಿರ್ಬೇಕಲ್ಲ" ಅಂದೆ. ಅವರು ನಕ್ಕರು.

ಆ ವರ್ಷ ನಮ್ಮ ಜಿಲ್ಲೆಯ ಹೊತ್ತು ಬಾವಿಗೇ ಮುಗಿದುಹೋಯಿತು. ಮನೆಗೆ ಅಚ್ಚಿನ ಉತ್ತರ ಬಂತು: ವಿಷಯವು ಸರ್ಕಾರದ ಪರಿಶೀಲನೆಯಲ್ಲಿದೆ. ಯಜಮಾನರು ಅದನ್ನು ಏನೋ ಗೆದ್ದು ಬಂದವರ ಹಾಗೆ ಓದಿ ಹೇಳಿದರು. ಮರುವರ್ಷವೂ ನಮ್ಮ ಮನೆಯಲ್ಲೇ ಸೇರಿದರು, ಮತ್ತೆ ನಾನೇ ಬಡಿಸಿದೆ, ಮತ್ತೆ ನಮ್ಮದು ಕಡೆಗೆ. ಆ ಸಲ ಸಿರಾದವರು ಮೊದಲಾದರು, ಅಷ್ಟೇ ವ್ಯತ್ಯಾಸ.

ಸಭೆಯಲ್ಲಿ ಓದದಿದ್ದರೂ, ಯಜಮಾನರು ಹಟ ಬಿಡದೆ ಯಾರ ಯಾರನ್ನೋ ಕಂಡು ಬಂದದ್ದಕ್ಕೆ ಒಂದು ಸಮಿತಿಯೇನೋ ಬಂತು. ಪುಣ್ಯಾತ್ಮರು ಮೋಟಾರಿನಲ್ಲಿ ಬಂದು, ಆಸ್ಪತ್ರೆಯ ಗೋಡೆ ನೋಡಿದರು, ಕಿಟಕಿ ನೋಡಿದರು, ಡಾಕ್ಟರನ್ನು ಕೇಳಿದರು, ಜವಾನನನ್ನೂ ಕೇಳಿದರು. ಊರಿನಲ್ಲಿ ಹೆತ್ತವಳೊಬ್ಬಳನ್ನೂ ಕೇಳಲಿಲ್ಲ. ಮಧ್ಯಾಹ್ನ ನಮ್ಮಲ್ಲೇ ಊಟ. ಬಾಗಿಲ ಸಂದಿಯಿಂದ ಯಜಮಾನರಿಗೆ ಸನ್ನೆ ಮಾಡಿ, "ನನ್ನೂ ಒಂದ್ಮಾತು ಕೇಳಕ್ಕೆ ಹೇಳಿ ಅವ್ರಿಗೆ" ಎಂದು ಪಿಸುಗುಟ್ಟಿದೆ. "ಸುಮ್ಕಿರೇ, ಚೆನ್ನಾಗಿರಕಿಲ್ಲ" ಅಂದರು. ಹೋಗುವಾಗ ನಮ್ಮೂರಿನ ದಾಳಿಂಬೆ ಒಂದೊಂದು ಬುಟ್ಟಿ ಮೋಟಾರಿಗೆ ಹಾಕಿಸಿಕೊಂಡರು. ನರ್ಸು ಅವಶ್ಯ, ಹಣದ ಅನುಕೂಲವಾದಾಗ ನೇಮಿಸಬಹುದು ಎಂದು ಬರೆದರು. ಬಜೆಟ್ಟು ಬಂದಾಗ ಕೊರಟಗೆರೆಯ ಸೇತುವೆಗೆ ಸಾಲು ಇತ್ತು. ಹಣದ ಅನುಕೂಲ ಅಲ್ಲಿಗೇ ಮುಗಿದಿತ್ತು.

ಸೇತುವೆ ಮುಗಿದ ಮಳೆಗಾಲದಲ್ಲೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಜಗಲಿಯ ಮೇಲೆ ಕಾಲು ಚಾಚಿ ಕೂತು, "ಅಪ್ಪಯ್ಯ, ನನಗೆ ಅಂತ ನರ್ಸಮ್ಮನ್ನ ತರಿಸ್ತೀನಿ ಅಂದಿದ್ರಂತಲ್ಲ, ಎಲ್ಲವ್ಳೆ?" ಎಂದು ರೇಗಿಸುತ್ತಿದ್ದಳು. ಅವರು ಪೇಪರಿನಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಮಧ್ಯಾಹ್ನದ ತನಕ ನೋಡಿದ ಸೂಲಗಿತ್ತಿ, "ನನ್ನ ಕೈ ಮೀರೋಯ್ತು ಕಣವ್ವ, ತುಮಕೂರಿಗೆ ಕರ್ಕೊಂಡೋಗಿ" ಎಂದು ಕೈ ಚೆಲ್ಲಿದಳು. ಬಸ್ಸು ಹೋಗಿಯಾಗಿತ್ತು. ಗಾಡಿಗೆ ಹುಲ್ಲು ಹಾಸಿ, ಜಮಖಾನ ಹಾಕಿ ಮಲಗಿಸಿಕೊಂಡು ಹೊರಟೆವು. ಕೊರಟಗೆರೆಯ ಮೆಂಬರ ಮೋಟಾರು ಇತ್ತು, ಅಲ್ಲಿಂದ ಅವರೇ ಹತ್ತಿಸಿಕೊಂಡರು. ಹಳ್ಳ ಎರಡೂ ದಡ ತುಂಬಿ ಹರಿಯುತ್ತಿತ್ತು. ಹೊಸ ಸೇತುವೆಯ ಮೇಲೆ ಮೋಟಾರು ಒಂದು ಕುಲುಕೂ ಇಲ್ಲದೆ ದಾಟಿತು. ಮಗಳು ಆಗಲೇ ಕೂಗುವುದನ್ನು ನಿಲ್ಲಿಸಿದ್ದಳು.

ತುಮಕೂರಿನ ಡಾಕ್ಟರಮ್ಮ ಮಗಳನ್ನು ಉಳಿಸಿಕೊಟ್ಟರು. ಮಗು ಗಂಡು, ಉಸಿರಿರಲಿಲ್ಲ. "ದಾರಿಯಲ್ಲೇ ಹೋಗಿದೆ. ಬೆಳಿಗ್ಗೆ ಯಾರಾದರೂ ತಿಳಿದವರು ಕೈ ಹಚ್ಚಿದ್ದರೆ ಬದುಕುತ್ತಿತ್ತು. ಇನ್ನು ಇವಳಿಗೆ ಮಕ್ಕಳಾಗುವುದಿಲ್ಲ" ಎಂದು ನನ್ನ ಕೈ ಹಿಡಿದು ಹೇಳಿದರು.

ಊರಿಗೆ ಮರಳಿದ ಮೇಲೆ ಕೊರಟಗೆರೆಯ ಮೆಂಬರು ಮಾತಾಡಿಸಿಕೊಂಡು ಹೋಗಲು ಬಂದರು. ನಿಜವಾಗಿಯೂ ನೊಂದಿದ್ದರು. "ನಮ್ಮ ಸೇತುವೆ ಇದ್ದುದ್ಕೆ ತಾಯಾದ್ರೂ ಉಳ್ಕೊಂಡ್ಳು ತಾಯಿ" ಅಂದರು. ಆ ಮಾತು ಸುಳ್ಳಲ್ಲ. ಸುಳ್ಳಲ್ಲ ಅನ್ನುವುದಕ್ಕೇ ನನಗೆ ಅದನ್ನು ತಡೆಯಲಾಗಲಿಲ್ಲ. ಅವರಿಗೆ ಕಾಫಿ ಕೊಟ್ಟು ಒಳಗೆ ಬಂದು ಅತ್ತೆ.

ಆ ವರ್ಷ ದಸರೆ ಹತ್ತಿರ ಬಂದಾಗ ಯಜಮಾನರು ಅಡುಗೆಮನೆಗೆ ಬಂದು ಮೆಲ್ಲಗೆ, "ಮೆಂಬರುಗಳು ಬತ್ತಾರೆ, ಊಟಕ್ಕೆ…" ಅಂದರು.

"ನಾನು ಒಲೆ ಹಚ್ಚಕಿಲ್ಲ. ಈ ಸಲ ಕೊರಟಗೆರೇಲಿ ಸೇರ್ಕೊಳ್ಳಿ. ಅಲ್ಲಿ ನೀವು ನೆಂಟರು, ನಿಮ್ದು ಮೊದಲನೇ ಪಂಕ್ತಿ" ಅಂದೆ.

ಆ ಸಲ ಎಲ್ಲರೂ ಕೊರಟಗೆರೆಯಲ್ಲಿ ಸೇರಿದರು. ಆ ಮನೆಯವರು ದಾಕ್ಷಿಣ್ಯಕ್ಕೆ ತಮ್ಮದನ್ನು ಹಿಂದಕ್ಕಿಟ್ಟುಕೊಂಡು ನಮ್ಮದನ್ನು ಮುಂದಕ್ಕೆ ಬಿಟ್ಟರು. ಮೈಸೂರಿನಲ್ಲಿ ಮೊದಲು ಓದಿದ್ದೇ ನರ್ಸಿನ ವಿಷಯ. ದಿವಾನರು ಒಪ್ಪಿದರು, ಸಮಿತಿ ಹಳೆಯ ಬರಹವನ್ನೇ ಮತ್ತೆ ಬರೆಯಿತು, ಬಜೆಟ್ಟಿನಲ್ಲಿ ಸಾಲು ಬಂತು. ಇಷ್ಟೇ ಆಗಬೇಕಾಗಿದ್ದದ್ದು. ಊಟದ ಮನೆ ಬದಲಾಗಬೇಕಾಗಿತ್ತು.

ನರ್ಸಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಊರಿಗೆ ಬಂದ ವಾರದಲ್ಲೇ ಮೆಂಬರ ಮನೆ ಎಂದು ನಮ್ಮಲ್ಲಿಗೆ ಬಂದು ನಮಸ್ಕಾರ ಮಾಡಿದಳು. ಯಜಮಾನರು ಹೊಸಲಲ್ಲಿ ನಿಂತಿದ್ದರು. ಮಗಳು ಒಳಗೆ ಹೂ ಕಟ್ಟುತ್ತಿದ್ದಳು.

"ನಿಮ್ಮ ಮಗಳಿಗೋಸ್ಕರವೇ ನನ್ನನ್ನ ಹಾಕಿಸಿಕೊಂಡ್ರಂತೆ ಅಂತ ಊರೆಲ್ಲ ಹೇಳ್ತಾರೆ. ಅವರಿಗೀಗ ಎಷ್ಟು ತಿಂಗಳಮ್ಮ?" ಎಂದು ಕೇಳಿದಳು.

ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಉತ್ತರ ಹೇಳುವ ಕೆಲಸ ನನಗೆ ಉಳಿಯಿತು.