ಆಡು ಉಗುಳಿದ ಬೀಜ

ಮೊನ್ನೆ ಮೊಮ್ಮಗಳ ಬಾಣಂತನಕ್ಕೆಂದು ಸೊಸೆ ತುಪ್ಪದಲ್ಲಿ ಜಾಲಿಯ ಅಂಟು ಹುರಿಯುತ್ತಿದ್ದಳು. ಅಂಟು ಅರಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ರಹ್ಮಪುರದ ನಮ್ಮ ಪಕ್ಕದ ಮನೆಯ ಸೂಲಗಿತ್ತಿ ಕಣ್ಣೆದುರು ಬಂದು ನಿಂತಳು... ಓಣಿಗೆಲ್ಲ ಆಕೆ ಆಯಿ.

ಅದು ನಿಜಾಮರ ಕಾಲ. ನಾನು ಕಮಲಾಪುರದಿಂದ ಸೊಸೆಯಾಗಿ ಬಂದ ಹೊಸತು. ಬಾಣಂತಿಯ ಸೊಂಟ ಗಟ್ಟಿಯಾಗಲು ಅಂಟಿನುಂಡಿ ಬೇಕೇ ಬೇಕು. ಉಳ್ಳವರ ಮನೆಗೆ ಬಜಾರದಿಂದ ಅಂಟು ಬರುತ್ತಿತ್ತು. ಕೂಲಿ ಹೆಂಗಸರಿಗೆ ಅದರ ವಾಸನೆಯೇ ಗತಿ. ಆಯಿಗೆ ಇದನ್ನು ಸಹಿಸಲಾಗಲಿಲ್ಲ. ಹಿತ್ತಲಲ್ಲಿ ತಾನೇ ಜಾಲಿ ಬೆಳೆಸಿ ಅವರಿಗೆಲ್ಲ ಅಂಟು ಕೊಡುತ್ತೇನೆಂದು ಹಟ ತೊಟ್ಟಳು. ಕಾಯಿ ಒಡೆದು ಬೀಜ ಊರಿದಳು. ತಿಂಗಳೆರಡಾದರೂ ಒಂದೂ ಮೇಲೇಳಲಿಲ್ಲ.

ಹೆರಿಗೆ ಮಾಡಿಸಲು ಕಮಲಾಪುರಕ್ಕೆ ಹೋದಾಗ ಆಡು ಸಾಕಿದ್ದ ನಮ್ಮಪ್ಪನಿಗೆ ಇದನ್ನು ಹೇಳಿದಳಂತೆ. ಅಪ್ಪ ನಕ್ಕು, "ಕಾಯಿಂದ ತಗದ ಬೀಜ ಕಲ್ಲಿದ್ದಂಗ ಇರ್ತಾವ, ಆಯಿ. ಆಡು ಮೆಲುಕು ಹಾಕಿ ಉಗುಳಿದ್ದು ಒಯ್ದು ಹಾಕ್ರಿ" ಎಂದನಂತೆ. ಆಯಿ ನಮ್ಮ ದೊಡ್ಡಿಯಲ್ಲಿ ಕೂತು ಆ ಬೀಜಗಳನ್ನು ಒಂದೊಂದೇ ಆರಿಸಿ, ಸೆರಗಿಗೆ ಗಂಟು ಹಾಕಿಕೊಂಡು ಬಂದಳು. ನೀರಲ್ಲಿ ನೆನೆಸಿ, ನಮ್ಮಿಬ್ಬರ ಮನೆಯ ನಡುವಿನ ಗೋಡೆಯಗುಂಟ ಊರಿದಳು. ಕೆಲವೇ ದಿನಗಳಲ್ಲಿ ಮೊಳಕೆ ಬಂತು. ಆಡಿನ ಬಾಯಿಂದ ಬಂದ ಗಿಡ ಮತ್ತೆ ಆಡಿನ ಬಾಯಿಗೇ ಹೋಗದಿರಲೆಂದು ಸುತ್ತ ಮುಳ್ಳು ಕಟ್ಟಿದಳು. ನಮ್ಮೂರ ಆಡುಗಳ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಆದರೆ ಜಗಳ ಬಂದರೆ 'ನಿನ್ನ ಮನ್ಯಾಗ ಜಾಲಿ ಬೆಳೀಲಿ' ಎಂದು ಶಪಿಸುವ ಜನ ನಾವು. ಮೇಲಾಗಿ ನಾನಾಗ ಬಸುರಿ. ಅತ್ತೆ ಕೆಂಡವಾದರು.

"ಬಸರ ಹೆಣಮಗಳಿದ್ದ ಮನಿ ಮಗ್ಗಲಾಗ ಜಾಲಿ ಬೆಳಸ್ತಿ? ಕಿತ್ತು ಒಗಿ. ಇಲ್ಲಾಂದ್ರ ನಮ್ಮ ಹೊಸ್ತಿಲಾ ತುಳಿಬ್ಯಾಡ."

"ಹೊಸ್ತಿಲಾ ನಿಮ್ದರೀ, ಮಣ್ಣು ನಂದು" ಎಂದಳು ಆಯಿ.

ಅತ್ತೆಯ ಮಾತು ಕೇಳಿ ಓಣಿಯ ಬೇರೆ ಮನೆಗಳೂ ಆಕೆಯನ್ನು ಕರೆಯುವುದು ಬಿಟ್ಟವು. ಆಕೆಯ ಒಲೆ ದಿನ ಬಿಟ್ಟು ದಿನ ಉರಿಯತೊಡಗಿತು. ಆದರೂ ಗಿಡಕ್ಕೆ ನೀರು ಹೊರುವುದನ್ನು ನಿಲ್ಲಿಸಲಿಲ್ಲ.

ನನ್ನ ಹೆರಿಗೆಗೆ ಬೇರೊಬ್ಬ ಸೂಲಗಿತ್ತಿ ಬಂದಳು. ಎರಡು ದಿನ ನೋವು ತಿಂದೆ, ಕೂಸು ಅಡ್ಡ ಮಲಗಿತ್ತು. ಕೊನೆಗೆ ಅತ್ತೆಯೇ ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದರು. ಆಯಿ ಬಂದು, ಕೂಸನ್ನು ಹೊಟ್ಟೆಯಲ್ಲೇ ತಿರುಗಿಸಿ, ನಮ್ಮಿಬ್ಬರನ್ನೂ ಉಳಿಸಿದಳು. ಮರುದಿನದಿಂದ ಜಾಲಿಗೆ ನೀರು ಹಾಕಿದವರು ನಮ್ಮ ಅತ್ತೆ. ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವ ಜೀವವಲ್ಲ ಅದು.

ಐದಾರು ವರ್ಷಕ್ಕೆ ಗಿಡಗಳು ಅಂಟು ಬಿಟ್ಟವು. ಆಗ ನನ್ನ ಮೂರನೆಯ ಬಾಣಂತನ. ಅತ್ತೆ ಉಂಡಿ ಕಟ್ಟಿ, ಮೊದಲನೆಯದನ್ನು ಆಯಿಯ ಕೈಗಿಟ್ಟರು. ಆಯಿ ಅದನ್ನು ತಿನ್ನದೆ ಹಿಡಿದುಕೊಂಡು ಕೂತಳು.

"ನಾ ನಾಕು ಹಡದೀನ್ರೀ. ಉಂಡಿ ಇದೇ ಮೊದಲು" ಎಂದಳು.

ಆಮೇಲೆ ಎಷ್ಟು ಕೂಲಿ ಹೆಂಗಸರು ಆ ಹಿತ್ತಲಿನ ಅಂಟು ತಿಂದು ಎದ್ದು ನಿಂತರೋ ಲೆಕ್ಕವಿಲ್ಲ. ಆಯಿ ಹೋಗಿ ಬಹಳ ವರ್ಷವಾಯಿತು. ಆ ಜಾಗದಲ್ಲಿ ಈಗ ಯಾರದೋ ಮನೆ ಎದ್ದಿದೆ. ಆಯಿಯ ಕೈಯಲ್ಲಿ ಹಡೆದವಳು ನಾನು ಎಂದು ಈಗ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತೇನೆ. ಆಕೆ ಬದುಕಿದ್ದಾಗ ಆಕೆಯೆದುರಿಗೆ ಒಂದು ಸಲವೂ ಹೇಳಲಿಲ್ಲ.