ಟವೆಲ್ಲಿನ ಕೆಳಗೆ ಕುದುರಿದ ಓದು

ದನದ ದಲ್ಲಾಳಿಗಳನ್ನು ನಾನು ಸುಲಭಕ್ಕೆ ನಂಬುವವನಲ್ಲ. ಹರಿಹರದಲ್ಲಿ ಹಿಂಡಿ-ಬೂಸದ ಅಂಗಡಿ ಇಟ್ಟವನಿಗೆ ಅವರ ಬಾಯಿ ಎಂಥದ್ದೆಂದು ಗೊತ್ತಿರುತ್ತದೆ. ಕುಂಟೆತ್ತಿಗೂ ಬಣ್ಣ ಕಟ್ಟಿ ಮಾರಿಬಿಡುತ್ತಾರೆ. ಆದರೆ ಕೊಂಡಜ್ಜಿಯ ಗುತ್ತೆಪ್ಪ ಆ ಸಾಲಿಗೆ ಸೇರಿದವನಲ್ಲ. ಎತ್ತು ಹಾಯುತ್ತದೆ ಎಂದಾದರೆ ಕೊಳ್ಳುವವನಿಗೆ ಮೊದಲು ಅದನ್ನೇ ಹೇಳುತ್ತಾನೆ, ಆಮೇಲೆ ವಯಸ್ಸು ತಿಳಿಯಲು ಅದರ ಹಲ್ಲು ತೋರಿಸುತ್ತಾನೆ. ಇಂಥವನು ದಲ್ಲಾಳಿ ಕೆಲಸದಲ್ಲಿ ಹೊಟ್ಟೆ ಹೊರೆದದ್ದೇ ದೊಡ್ಡದು.

ಕಳೆದ ಮೇ ತಿಂಗಳಲ್ಲಿ ಅವನು ಮಗಳು ಬಿಂದುವನ್ನು ಕರೆದುಕೊಂಡು ಅಂಗಡಿಗೆ ಬಂದ. ಪಿಯುಸಿ ಮುಗಿಸಿದ ಹುಡುಗಿಗೆ ಪಶುಸಂಗೋಪನೆಯ ಎರಡು ವರ್ಷದ ಡಿಪ್ಲೊಮಾ ಓದುವ ಹಟ. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಸೂಜಿ, ಮದ್ದು, ಹೆರಿಗೆ ನೋಡುವ ಕೆಲಸಕ್ಕೆ ಬೇಕಾದ ಓದು ಅದು. ಕಾಲೇಜು ದೂರ. ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ಒಂದೂವರೆ ಲಕ್ಷ ಬೇಕು.

"ಅಷ್ಟು ಸುರಿದ್ರ ವಾಪಸ್ ಬರ್ತೈತೋ ಇಲ್ಲೋ, ನೀವೇ ಹೇಳ್ರಿ ಸಾವ್ಕಾರ್ರೆ," ಎಂದ ಗುತ್ತೆಪ್ಪ.

ನಾನು ಮುಚ್ಚುಮರೆ ಮಾಡಲಿಲ್ಲ. "ದಾವಣಗೆರೆಯಾಗ ಬಿ.ಕಾಂ. ಓದ್ಸು. ನಮ್ಮ ಸರಸ್ವತಿ ನಗರದಾಗ ಎಷ್ಟು ಹುಡುಗ್ಯಾರು ಅದನ್ನೇ ಓದಿ ಬ್ಯಾಂಕ್ ಸೇರ್ಯಾರ. ಹೆಣ್ಮಕ್ಕಳಿಗೆ ಬಸ್ಸೂ ಪುಕ್ಕಟೆ. ಸಗಣಿ ಬಳಿಯಾಕ ಡಿಪ್ಲೊಮಾ ಯಾಕ ಬೇಕು?"

ಬಿಂದು ನನ್ನನ್ನು ದುರುಗುಟ್ಟಿ ನೋಡಿದಳು. "ಸಗಣಿ ಬಳಿಯೋರಿಂದ್ಲೇ ನಿಮ್ ಹಿಂಡಿ ಖರ್ಚಾಗೋದು, ಸಾವ್ಕಾರ್ರೆ." ಬಾಯಿ ಅಪ್ಪನದಲ್ಲ, ಅಜ್ಜಿ ರಂಗವ್ವನದು.

ಅಷ್ಟರಲ್ಲಿ ಕಾಂತರಾಜ್ ಬಂದ. ನಂದಿಗುಡಿಯವನು, ಅದೇ ಡಿಪ್ಲೊಮಾ ಮುಗಿಸಿ ಒಂದು ಪಶು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾನೆ. ಒಳ್ಳೆ ಸಮಯಕ್ಕೆ ಸಿಕ್ಕನೆಂದು ಸಂಬಳ ಎಷ್ಟೆಂದು ಬಾಯಿಬಿಟ್ಟೇ ಕೇಳಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮನೆಯಲ್ಲಿ ಅವನಿಗೆ ಹೆಣ್ಣು ಹುಡುಕುತ್ತಿದ್ದರು, ಸಂಬಳ ಊರಿಗೆಲ್ಲ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. "ಏನೋ, ನಡೀತೈತ್ರಿ," ಎಂದು ತಲೆ ತಗ್ಗಿಸಿದ.

ಗುತ್ತೆಪ್ಪ ಹೆಗಲ ಮೇಲಿನ ಟವೆಲ್ಲನ್ನು ಕಾಂತರಾಜನ ಕೈಮೇಲೆ ಹಾಕಿ, ಅದರ ಕೆಳಗೆ ತನ್ನ ಕೈ ಇಟ್ಟ. ದನದ ಸಂತೆಯ ಪದ್ಧತಿ ಅದು. ರೇಟನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಕೊಡುವವನ ಮಾನವೂ ಕೊಳ್ಳುವವನ ಮಾನವೂ ಉಳಿಯುತ್ತದೆ. ರೈತನ ಮಗ ಕಾಂತರಾಜನಿಗೆ ಅದು ಗೊತ್ತಿಲ್ಲದ್ದಲ್ಲ. ಅವನೂ ಬೆರಳು ಹಿಡಿದ. ಗುತ್ತೆಪ್ಪನ ಮುಖ ಸಪ್ಪಗಾಯಿತು.

"ಕಾಯಂ ಆದ್ರ ಚಲೋ ಐತಣ್ಣ. ಅದಕ್ಕ ಅರ್ಜಿ ಯಾವಾಗ ಕರೀತಾರೋ ಯಾರಿಗೆ ಗೊತ್ತು," ಎಂದ ಕಾಂತರಾಜ್. ಆಮೇಲೆ ಬಿಂದುವಿನ ಕಡೆ ತಿರುಗಿ, "ಕರು ಅಡ್ಡ ಸಿಕ್ಕೊಂಡಾಗ ಮಾತ್ರ ಸಂಬಳ ನೆನಪಾಗಲ್ಲ, ತಂಗಿ," ಅಂದು ತನ್ನ ಸಾಮಾನು ತೆಗೆದುಕೊಂಡು ಹೊರಟ.

"ಎಷ್ಟಂತೆ?" ನನಗೆ ತಡೆಯಲಾಗಲಿಲ್ಲ.

"ಟವೆಲ್ ಕೆಳಗಿನ ಮಾತು ಮ್ಯಾಲೆ ಬರಂಗಿಲ್ರಿ." ಮಗಳಿಗೂ ಅವನು ಲೆಕ್ಕ ಹೇಳಲಿಲ್ಲ. "ಕಮ್ಮಿ ಐತವ್ವ. ಹಾಕಿದ್ದು ವಾಪಸ್ ಬರಾಕ ಬಾಳ ವರ್ಷ ಹಿಡೀತೈತೆ. ಅಷ್ಟು ತಿಳ್ಕೋ."

"ಹಿಡೀಲಿ. ನೀ ಎಷ್ಟು ಕೊಡ್ತಿ, ಅದನ್ನ ಹೇಳು," ಎಂದು ಬಿಂದು ತಾನೇ ಟವೆಲ್ಲನ್ನು ಎಳೆದು ಅಪ್ಪನ ಕೈಮೇಲೆ ಹಾಕಿ, ಒಳಗೆ ಕೈ ತೂರಿಸಿದಳು.

ಹೆಣ್ಣುಮಗಳೊಬ್ಬಳು ಹಾಗೆ ಕೈ ಇಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಗಿರಾಕಿಗಳು ತಕ್ಕಡಿ ಬಿಟ್ಟು ಇತ್ತ ತಿರುಗಿದರು. ಗುತ್ತೆಪ್ಪ ಬೆರಳು ಹಿಡಿದ. ಬಿಂದು ಒಪ್ಪದೆ ತಲೆಯಾಡಿಸಿ ತಾನು ಹಿಡಿದಳು. ಅವನು ಕೈ ಕೊಡವಿದ, ಅವಳು ಬಿಡಲಿಲ್ಲ. "ಬ್ಯಾಡವ್ವ, ಇದು ಅನ್ಯಾಯ," ಎಂದು ಗೋಗರೆದ. ಹುಡುಗಿ ಅಪ್ಪನನ್ನು ಹಿಂಡುತ್ತಿದ್ದಾಳೆ ಎಂದು ನನಗೆ ಮೈ ಉರಿಯಿತು. ಕೊನೆಗೆ ಕೈಗಳು ಹೊರಗೆ ಬಂದವು. ಸಂತೆಯಲ್ಲಿ ಕೈ ಹೊರಗೆ ಬಂತೆಂದರೆ ವ್ಯಾಪಾರ ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು.

"ಓದ್ತಾಳ್ರಿ," ಎಂದ ಗುತ್ತೆಪ್ಪ.

"ನಿನ್ನನ್ನ ಬೋಳಿಸಿದ್ಳು ಅನ್ನು."

ಅವನು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ನಾ ಪೂರ್ತಿ ಹಿಡಿದಿದ್ದೆ, ಸಾವ್ಕಾರ್ರೆ. ಮನೀ ಜೋಡೆತ್ತು ಮಾರಿದ್ರ ಆಗ್ತಿತ್ತು. ಆಕಿ ಅರ್ಧಕ್ಕೆ ಇಳಿಸಿಬಿಟ್ಳು. ಇಷ್ಟು ವರ್ಷ ಯಾಪಾರ ಮಾಡೀನಿ, ನನಗ ಲಾಭ ಮಾಡಾಕ ಜಗಳ ಆಡಿದ ಗಿರಾಕಿ ಇವಳೊಬ್ಳೇ."

ಅಪ್ಪ ಹೆಚ್ಚೋ ಮಗಳು ಹೆಚ್ಚೋ ಎಂದು ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

"ಉಳಿದರ್ಧ ನಾ ದುಡಿತೀನ್ರಿ," ಎಂದಳು ಬಿಂದು. "ಈ ವರ್ಷ ದುಡಿದು ಮುಂದಿನ ವರ್ಷ ಕಾಲೇಜು ಸೇರ್ತೀನಿ. ನಿಮ್ ಅಂಗಡಿಯಾಗ ಕೆಲ್ಸ ಐತಾ?"

ಐತೆ ಎಂದೆ. ಅವಳು ಅಪ್ಪನ ಕೈಯಿಂದ ಟವೆಲ್ಲು ತೆಗೆದುಕೊಂಡು ನನ್ನ ಮುಂದೆ ಹಿಡಿದಳು. ನಾನು ಅದರ ಕೆಳಗೆ ಕೈ ಇಟ್ಟೆ. ಅವಳು ಎಷ್ಟು ಬೆರಳು ಹಿಡಿದಳೆಂದು ಹೇಳುವಂತಿಲ್ಲ. ನಾನು ಚೌಕಾಸಿ ಮಾಡಲಿಲ್ಲ.