ಗೇಟಿನಾಚೆ ಮುಟ್ಟದ ದನಿ

ಕಾರ್ಖಾನೆಯಿಂದ ವುಕಾಶಿನ್‌ಗೆ ಬರಬೇಕಾದದ್ದು ಹತ್ತೊಂಬತ್ತು ತಿಂಗಳ ಸಂಬಳ. ಬಂದದ್ದು ನಾಲ್ಕು ಪೆಟ್ಟಿಗೆ ರೇಡಿಯೋ ವಾಲ್ವು, ಹಳೇ ರೇಡಿಯೋಗಳಲ್ಲಿ ಉರಿಯುವ ಗಾಜಿನ ಬುರುಡೆಗಳು. ದುಡ್ಡಿಲ್ಲ, ನೀವೇ ಮಾಡಿದ ಮಾಲು ಒಯ್ದು ಮಾರಿಕೊಳ್ಳಿ ಎಂದಿತ್ತು ಆಡಳಿತ. ಸಂತೆಯಲ್ಲಿ ವಾಲ್ವು ಹರವಿಕೊಂಡು ಕೂತವನನ್ನು ನೋಡಿ ಪಕ್ಕದ ಎಲೆಕೋಸು ಮಾರುವವಳೂ ನಕ್ಕಿದ್ದಳು.

ಬೇರೆ ಕಡೆ ಹೋಗೋಣವೆಂದರೆ ಅವನ ಕೆಲಸದ ಪುಸ್ತಕ ಕಾರ್ಖಾನೆಯ ಕಪಾಟಿನಲ್ಲಿ ಬೀಗದೊಳಗಿತ್ತು. ಆ ಪುಸ್ತಕವಿಲ್ಲದವನನ್ನು ಸೆರ್ಬಿಯಾದಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ರಾಜೀನಾಮೆ ಬರೆದರೆ ಪುಸ್ತಕ ಸಿಗುತ್ತದೆ, ಬಾಕಿ ಮುಳುಗುತ್ತದೆ. ಬರೆಯದಿದ್ದರೆ ದಿನಾ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ರುಜು ಹಾಕಬೇಕು. ಮೂರು ದಿನ ತಪ್ಪಿದರೆ ತಾನಾಗಿ ಬಿಟ್ಟುಹೋದನೆಂದು ದಾಖಲಿಸುತ್ತಾರೆ. ಒಳಗೆ ಕೆಲಸವಿಲ್ಲ, ಹೊರಗೆ ಹೋಗುವಂತಿಲ್ಲ. ಐದನೇ ಅಂತಸ್ತಿನ ಅಡುಗೆಮನೆಯಲ್ಲಿ, ಕಟ್ಟಿಹಾಕಿದ ಹೋರಿಯ ಹಾಗೆ ಅವನು ಮೇಜಿಗೂ ಕಿಟಕಿಗೂ ಓಡಾಡುತ್ತಿದ್ದ.

ಅಷ್ಟರಲ್ಲಿ ಸುದ್ದಿ ಬಂತು: ಬುಧವಾರ ಬೆಲ್‌ಗ್ರೇಡಿನಿಂದ ಕಾರ್ಖಾನೆ ಕೊಳ್ಳುವವರು ಬರುತ್ತಾರೆ. ಯಾರಿಗೂ ಸಂಬಳ ಬಾಕಿಯಿಲ್ಲವೆಂದು ಆಡಳಿತ ಅವರಿಗೆ ಆಗಲೇ ಹೇಳಿಯಾಗಿತ್ತು. ಅಂದು ಕಾರ್ಮಿಕರನ್ನು ಗೇಟು ದಾಟಲು ಬಿಡುವುದಿಲ್ಲ. ಗೇಟಿನಿಂದ ಕಚೇರಿಯ ಕಿಟಕಿಗೆ ನೂರು ಹೆಜ್ಜೆ. ಕಾರ್ಮಿಕ ಸಂಘದ ಮಿಲಿಸಾವ್ ನೂರ ಎಂಬತ್ತು ಜನರ ಹೆಸರು, ಬಾಕಿ ಎಲ್ಲ ಬರೆದು ಪಟ್ಟಿ ಮಾಡಿದ್ದ. ಅದನ್ನು ಗೇಟಿನಲ್ಲಿ ನಿಂತು ಓದಬೇಕು, ಕೊಳ್ಳುವವರ ಕಿವಿಗೆ ಬೀಳಬೇಕು. ಬೀಳದಿದ್ದರೆ ಬಾಕಿ ಸತ್ತ ಹಾಗೆಯೇ.

ಅಗ್ನಿಶಾಮಕ ಠಾಣೆಯವರು ಮೈಕು, ಸ್ಪೀಕರ್ ಹಾರ್ನು, ಆಂಪ್ಲಿಫೈಯರ್ ಕೊಡಲು ಒಪ್ಪಿದ್ದರು. ಆದರೆ ದನಿ ಏರಿಸಿದೊಡನೆ ಹಾರ್ನು ಕುಯ್ಯೆಂದು ಕಿರುಚುತ್ತಿತ್ತು. ಕಿರುಚುವ ಆ ಒಂದು ಸ್ವರವನ್ನು ತಗ್ಗಿಸಿದರೆ ಉಳಿದದ್ದನ್ನು ಏರಿಸಬಹುದು. ಅದಕ್ಕೆ ಈಕ್ವಲೈಜರ್ ಬೇಕು. ವುಕಾಶಿನ್ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಎರಡು ವಾಲ್ವು ಕೂರಿಸಿ ಅಂಥದ್ದೊಂದನ್ನು ತಾನೇ ಕಟ್ಟಿದ. ಮನೆಯ ಹಳೇ ವಾಲ್ವ್ ರೇಡಿಯೋಗೆ ಜೋಡಿಸಿ ನೋಡಿದರೆ ಗೋಡೆ ಅದುರುವಷ್ಟು ದನಿ. ಸೈಕಲ್ಲಿಗೆ ಕಟ್ಟಿ ಠಾಣೆಗೆ ಒಯ್ದು ಅವರ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಜೋಡಿಸಿದರೆ, ಬಾವಿಯೊಳಗಿಂದ ಯಾರೋ ಗೊಣಗಿದ ಹಾಗೆ.

ಇಪ್ಪತ್ತಾರು ವರ್ಷ ಅವನು ಪರೀಕ್ಷೆಯ ಮೇಜಿನಲ್ಲಿ ಕೂತು ವಾಲ್ವು ತಟ್ಟಿ ನೋಡಿ ಕೆಟ್ಟದ್ದನ್ನು ಬುಟ್ಟಿಗೆ ಎಸೆದವನು. ದನಿ ಕುಗ್ಗಿತೆಂದರೆ ವಾಲ್ವಿನದೇ ತಪ್ಪು ಎಂಬುದು ಕೈಗೆ ಅಂಟಿಹೋಗಿತ್ತು. ದಾರಿಯ ಕುಲುಕಾಟಕ್ಕೆ ಕೆಟ್ಟಿರಬೇಕೆಂದು ಹೊಸ ಜೋಡಿ ಹಾಕಿದ. ಮನೆಯಲ್ಲಿ ಸರಿ, ಠಾಣೆಯಲ್ಲಿ ಗೊಣಗು. ಇನ್ನೊಂದು ಜೋಡಿಯನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ನಡೆದೇ ಹೋದ. ಅದೇ ಗೊಣಗು. ಒಂದು ಪೆಟ್ಟಿಗೆ ಪೂರ್ತಿ ಹೀಗೆ ಬುಟ್ಟಿ ಸೇರಿತು. ಸೋಮವಾರ ಮಿಲಿಸಾವ್ ಬಂದು ಬಾಗಿಲಲ್ಲೇ ನಿಂತ.

"ಮೇಸ್ತ್ರೀ, ನಾಡಿದ್ದು ಬುಧವಾರ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬಾಯಲ್ಲೇ ಕೂಗ್ತೀನಿ."

"ನಿನ್ನ ಬಾಯಿ ಎದುರುಮನೆಗೂ ಕೇಳಲ್ಲ," ಎಂದ ವುಕಾಶಿನ್. "ಮಾಲೇ ಕೆಟ್ಟದ್ದು. ಕೊನೇ ವರ್ಷದ ಮಾಲು, ಕಂಪನಿ ಹಾಗೇ ಇದೂ ನಮಗೆ ಮೋಸ ಮಾಡ್ತಿದೆ."

ಹೆಂಡತಿ ದೆಸಾಂಕಾ ಒಲೆಯ ಮುಂದೆ ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ಅವಳೂ ಅದೇ ಕಾರ್ಖಾನೆಯವಳು, ಬೆಸುಗೆ ವಿಭಾಗ. ಕೈ ಒರೆಸಿಕೊಳ್ಳದೆಯೇ ಮಾತಾಡಿದಳು.

"ಕೆಟ್ಟ ವಾಲ್ವು ನಮ್ಮನೆ ರೇಡಿಯೋಲಿ ಮಾತ್ರ ಹಾಡುತ್ತಾ? ಕೆಟ್ಟಿದ್ರೆ ಇಲ್ಲೂ ಕೆಟ್ಟಿರ್ಬೇಕಲ್ಲ, ಪರೀಕ್ಷೆ ಸಾಹೇಬ್ರೇ. ಬುಟ್ಟಿಗೆ ಎಸ್ಯೋದು ಬಿಟ್ಟು ಬೇರೇನಾದ್ರೂ ಕಲ್ತಿದ್ಯಾ ಇಪ್ಪತ್ತಾರು ವರ್ಷದಲ್ಲಿ?"

ಮಿಲಿಸಾವ್ ಕೆಮ್ಮಿ ನಗು ನುಂಗಿದ. ವುಕಾಶಿನ್ ಮೀಟರು ಎತ್ತಿಕೊಂಡು ಠಾಣೆಗೆ ನಡೆದ. ತಂತಿ ಬಿಚ್ಚಿ ಅಳೆದರೆ ಡಬ್ಬಿಯಿಂದ ತುಂಬು ದನಿ. ಆಂಪ್ಲಿಫೈಯರಿಗೆ ಸಿಕ್ಕಿಸಿದೊಡನೆ ಮೀಟರಿನ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬಿತ್ತು. ಮನೆಯ ರೇಡಿಯೋ ಡಬ್ಬಿಯಿಂದ ಎಳೆದುಕೊಳ್ಳುತ್ತಿದ್ದದ್ದು ಒಂದು ಗುಟುಕು ಕರೆಂಟು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಡಗಟ್ಟಲೆ ಎಳೆಯುತ್ತಿತ್ತು. ವಾಲ್ವಿಗೆ ಅಷ್ಟು ಭಾರ ಹೊರುವ ಶಕ್ತಿಯಿರಲಿಲ್ಲ. ನಡುವೆ ಇನ್ನೊಂದು ವಾಲ್ವು ಬೇಕು: ದನಿ ಹೆಚ್ಚಿಸುವುದಕ್ಕಲ್ಲ, ಬರೀ ಹೊರೆ ಹೊರುವುದಕ್ಕೆ.

ವಾಲ್ವು ಬೇಕಾದಷ್ಟಿತ್ತು, ಕೂರಿಸಲು ಇನ್ನೊಂದು ಸಾಕೆಟ್ ಇರಲಿಲ್ಲ. ದೆಸಾಂಕಾ ಕೇಳುತ್ತಿದ್ದ ಮನೆಯ ರೇಡಿಯೋವನ್ನೇ ಬಿಚ್ಚಿ ಅದರದನ್ನು ತೆಗೆದರು. ಬೆಸುಗೆ ಅವಳೇ ಹಾಕಿದಳು. ಅವನದು ಗಂಟುಗಂಟಾಗುತ್ತದೆ ಎಂದಳು.

ಬುಧವಾರ ಹತ್ತೂಕಾಲಿಗೆ ಮಿಲಿಸಾವ್ ಓದತೊಡಗಿದ. ಹಾರ್ನು ಕಿರುಚಲಿಲ್ಲ. ಇಪ್ಪತ್ತನೇ ಹೆಸರಿಗೆ ಕಚೇರಿಯ ಕಿಟಕಿಗೆ ಒಬ್ಬ ಬಂದ, ಆಮೇಲೆ ಇಬ್ಬರು. ನಿರ್ದೇಶಕ ಬಂದು ಕಿಟಕಿ ಮುಚ್ಚಿಸಿದ. ವುಕಾಶಿನ್ ಡಬ್ಬಿಯ ಗುಬಟನ್ನು ಇನ್ನಷ್ಟು ತಿರುಗಿಸಿದ. ಗಾಜಿನ ಹಿಂದೆ ಒಬ್ಬ ಕನ್ನಡಕ ಹಾಕಿಕೊಂಡು ಏನೋ ಬರೆದುಕೊಳ್ಳುವುದು ಕಂಡಿತು. ಪಟ್ಟಿ ಮುಗಿಯುವ ಮೊದಲೇ ಕೊಳ್ಳುವವರ ಕಾರುಗಳು ಹಿಂದಿನ ದಾರಿಯಿಂದ ಹೊರಟುಹೋದವು. ಮಿಲಿಸಾವ್ ನಿಲ್ಲಿಸಲಿಲ್ಲ. ಯಾರೂ ಕದಲಲಿಲ್ಲ.

ಅಂದು ಯಾರಿಗೂ ಏನೂ ಸಿಗಲಿಲ್ಲ. ನಮಗೆ ಕೇಳಿಸಲಿಲ್ಲ ಎಂದು ಹೇಳುವ ದಾರಿ ಮಾತ್ರ ಕೊಳ್ಳುವವರಿಗೆ ಮುಚ್ಚಿತು. ನಿಮ್ಮೂರಿನಲ್ಲೂ ಯಾವುದೋ ಗೇಟಿನ ಮುಂದೆ ಯಾರೋ ಹೀಗೊಂದು ಪಟ್ಟಿ ಓದುತ್ತಿರುತ್ತಾರೆ. ದಾರಿಗೆ ಅಡ್ಡವೆಂದು ಹಾರ್ನ್ ಬಾರಿಸಬೇಡಿ. ಗಾಡಿ ನಿಲ್ಲಿಸಿ. ಕೊನೆಯ ಹೆಸರಿನವರೆಗೂ ನಿಂತು ಕೇಳಿ. ಆಮೇಲೆ ಒಳಗಿನವರನ್ನು ಕೇಳಿ: ಇವರಿಗೆ ಯಾವಾಗ ಕೊಡುತ್ತೀರಿ?